ಎಂಟಕ್ಕೆ ಒಂದು, ನಾಲ್ಕಕ್ಕೆ ಒಂದು: ಡಚ್ಚರ ತಾಮ್ರದ ಪುಡಿಗಾಸಿನ ಪ್ರಕರಣ

1726ರಲ್ಲಿ ಹಾಲೆಂಡ್ ಪ್ರಾಂತ್ಯ ಹೊಸದೊಂದು ತಾಮ್ರದ ನಾಣ್ಯ ಟಂಕಿಸಿತು. ಒಂದು ಮುಖದಲ್ಲಿ ಕಿರೀಟ ಹೊತ್ತ ಗುರಾಣಿ, ಅದರೊಳಗೆ ಸಿಂಹ. ಇನ್ನೊಂದು ಮುಖದಲ್ಲಿ ದೊಡ್ಡದೊಂದು ‘ವಿ’, ಅದರ ಎರಡು ತೋಳುಗಳಿಗೆ ಹೆಣೆದುಕೊಂಡ ‘ಒ’ ಮತ್ತು ‘ಸಿ’, ಕೆಳಗೆ ಇಸವಿ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಡಚ್ ಹೆಸರಿನ ಮೊದಲಕ್ಷರಗಳು ಅವು, ಕಂಪನಿಯ ಗುರುತು. ನಾಣ್ಯದ ಹೆಸರು ಡಾಯ್ಟ್. ವಿಚಿತ್ರವೆಂದರೆ ಹಾಲೆಂಡಿನಲ್ಲಿ ಡಾಯ್ಟ್ ಮೊದಲೇ ಇತ್ತು. ಅದೇ ತಾಮ್ರ, ಹೆಚ್ಚುಕಡಿಮೆ ಅದೇ ಅಳತೆ, ಅದೇ ತೂಕ. ಅದರ ಮೇಲೆ ಕಂಪನಿಯ ಗುರುತಿನ ಬದಲು ಪ್ರಾಂತ್ಯದ ಹೆಸರಿತ್ತು, ಅಷ್ಟೇ. ಚೆನ್ನಾಗಿಯೇ ಓಡುತ್ತಿದ್ದ ನಾಣ್ಯಕ್ಕೆ ಅವಳಿಯೊಂದನ್ನು ಹುಟ್ಟಿಸಬೇಕಾಗಿ ಬಂದದ್ದೇಕೆ ಎಂಬುದೇ ಈ ಪ್ರಕರಣ.

ಒಂದು ಸಾಲಿನ ಉತ್ತರ ಸುಲಭ. ಆಮ್ಸ್ಟರ್‌ಡ್ಯಾಮಿನ ಸಂತೆಯಲ್ಲಿ ಸ್ಟಾಯ್ವರ್ ಎಂಬ ಬೆಳ್ಳಿ ಬೆರೆತ ನಾಣ್ಯ ಒಂದಕ್ಕೆ ಎಂಟು ಡಾಯ್ಟ್. ಜಾವಾದ ಬಟೇವಿಯಾದಲ್ಲಿ, ಅಂದರೆ ಇಂದಿನ ಜಕಾರ್ತದಲ್ಲಿ, ಒಂದು ಸ್ಟಾಯ್ವರ್‌ಗೆ ನಾಲ್ಕೇ. ಒಂದೇ ಬಿಲ್ಲೆ ಹಡಗು ಹತ್ತಿ ಇಳಿಯುವುದರೊಳಗೆ ಲೆಕ್ಕದಲ್ಲಿ ದುಪ್ಪಟ್ಟಾಗುತ್ತಿತ್ತು. ಆದರೆ ಅಷ್ಟು ಹೇಳಿ ಬಿಟ್ಟರೆ ಇದು ಬರೀ ಕಳ್ಳಸಾಗಣೆಯ ಕತೆಯಾಗುತ್ತದೆ. ನನಗೆ ಕಾಣುವಂತೆ ಇದರ ಬೇರು ಇನ್ನೂ ಹಿಂದೆ, ಹಾಲೆಂಡಿನ ರೊಟ್ಟಿ ಅಂಗಡಿ, ಮೀನು ಕಟ್ಟೆ, ಚರ್ಚಿನ ಕಾಣಿಕೆ ಚೀಲದೊಳಗೆ ಇದೆ. ಅಲ್ಲಿಂದ ಶುರು ಮಾಡೋಣ.

ಲೆಕ್ಕದ ದುಡ್ಡು, ಕೈಯ ದುಡ್ಡು

ಹಾಲೆಂಡ್ ಮುಂತಾದ ಪ್ರಾಂತ್ಯಗಳು ಸೇರಿದ ಡಚ್ ಗಣರಾಜ್ಯದ ಲೆಕ್ಕ ನಮ್ಮ ಹಳೆಯ ರೂಪಾಯಿ-ಆಣೆ-ಪೈ ಇದ್ದಂತೆ ಮೂರು ಅಂಕಣದ್ದು. ಒಂದು ಗಿಲ್ಡರ್‌ಗೆ 20 ಸ್ಟಾಯ್ವರ್, ಒಂದು ಸ್ಟಾಯ್ವರ್‌ಗೆ 16 ಪೆನ್ನಿಂಗ್. ಪೆನ್ನಿಂಗ್ ಇದ್ದದ್ದು ಖಾತೆ ಪುಸ್ತಕದಲ್ಲಿ. ಕೈಗೆ ಸಿಗುತ್ತಿದ್ದ ಅತಿ ಸಣ್ಣ ನಾಣ್ಯ ಡಾಯ್ಟ್, ಅಂದರೆ ಎರಡು ಪೆನ್ನಿಂಗ್. ಎರಡು ಡಾಯ್ಟ್ ಸೇರಿದರೆ ಒಂದು ಓರ್ಟ್, ಅದೂ ತಾಮ್ರದ್ದೇ. ಸ್ಟಾಯ್ವರ್, ಎರಡು ಸ್ಟಾಯ್ವರ್‌ನ ಡುಬ್ಬೆಲ್ಚೆ, ಆರು ಸ್ಟಾಯ್ವರ್‌ನ ಸ್ಖೆಲ್ಲಿಂಗ್ ಇವೆಲ್ಲ ಬೆಳ್ಳಿ ಬೆರೆತವು. ಒಂದು ಗಿಲ್ಡರ್ ಮುರಿಸಿದರೆ 160 ಡಾಯ್ಟ್.

ಡಾಯ್ಟ್ ಎಂದರೆ ಲೆಕ್ಕಕ್ಕೇ ಇಲ್ಲದ ಕಾಸು ಎಂದುಕೊಳ್ಳಬೇಡಿ. 17ನೇ ಶತಮಾನದ ನಡುವಿನಲ್ಲಿ ಗಣರಾಜ್ಯದ ಪಶ್ಚಿಮ ಭಾಗದ ಊರುಗಳಲ್ಲಿ ಕಸುಬು ಕಲಿಯದ ಕೂಲಿಯಾಳಿಗೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 18 ಸ್ಟಾಯ್ವರ್ ಸಿಗುತ್ತಿತ್ತು ಎಂದಿಟ್ಟುಕೊಳ್ಳಿ. ಅದು 144 ಡಾಯ್ಟ್. ಹನ್ನೆರಡು ತಾಸು ದುಡಿದರೆ ತಾಸಿಗೆ ಹನ್ನೆರಡು, ಐದು ನಿಮಿಷಕ್ಕೆ ಒಂದು. ಇಟ್ಟಿಗೆ ಹೊತ್ತ ಐದು ನಿಮಿಷವನ್ನು ಯಾರೂ ನೆಲದ ಮೇಲೆ ಬಿಟ್ಟು ಹೋಗುವುದಿಲ್ಲ.

ಆ ಊರುಗಳ ಬದುಕು ಆಗಲೇ ಪೂರ್ತಿ ದುಡ್ಡಿನ ಮೇಲೆ ನಿಂತಿತ್ತು ಎಂಬುದನ್ನೂ ನೆನಪಿಡಬೇಕು. ಕೂಲಿ ದವಸದಲ್ಲಿ ಅಲ್ಲ, ನಾಣ್ಯದಲ್ಲಿ. ಊಟಕ್ಕೆ ಬೇಕಾದ ಬಹುಪಾಲು ಅಂಗಡಿಯಿಂದಲೇ ಬರಬೇಕು. ಉರುವಲಿನ ಪೀಟ್ ಮಣ್ಣೂ ಕೊಳ್ಳಬೇಕು, ಬಿಯರೂ ಕೊಳ್ಳಬೇಕು. 1632ರಲ್ಲಿ ಆಮ್ಸ್ಟರ್‌ಡ್ಯಾಮ್ ಮತ್ತು ಹಾರ್ಲೆಮ್ ನಡುವೆ ಕುದುರೆ ಎಳೆಯುವ ದೋಣಿಗಳು ಗಂಟೆಯ ಪ್ರಕಾರ ಓಡತೊಡಗಿದ ಮೇಲೆ ಪ್ರಯಾಣಕ್ಕೂ ಚಿಲ್ಲರೆ ಬೇಕಾಯಿತು. ಪರಿಚಯದವರಿಗೆ ಉದ್ರಿ ಇತ್ತು, ಗೋಡೆಗೆ ಗೀಚಿದ ಲೆಕ್ಕ ಇತ್ತು. ಹೊರಗಿನಿಂದ ಬಂದ ನಾವಿಕನಿಗೆ, ಜರ್ಮನಿಯಿಂದ ಹುಲ್ಲು ಕೊಯ್ಯಲು ಬಂದ ಹಂಗಾಮಿ ಆಳಿಗೆ ಯಾರು ಉದ್ರಿ ಕೊಡುತ್ತಾರೆ? ಅಂಥವರ ವ್ಯವಹಾರವೆಲ್ಲ ಕೈ ನಗದು, ಅದರಲ್ಲೂ ತಾಮ್ರ.

ಚಿಲ್ಲರೆ ಎಷ್ಟು ಸಣ್ಣದಿದೆಯೋ ಬೆಲೆ ಅಷ್ಟೇ ಸಣ್ಣದಾಗಿ ಏರಿಳಿಯಬಲ್ಲದು. ಇದಕ್ಕೆ ಹಾಲೆಂಡಿನ ರೊಟ್ಟಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಧಾನ್ಯದ ದರ ಏರಿದಂತೆ ಇಳಿದಂತೆ ರೊಟ್ಟಿ ದರವನ್ನು ನಗರದ ಆಡಳಿತವೇ ಗೊತ್ತುಮಾಡುತ್ತಿತ್ತು. ರೈ ಧಾನ್ಯದ ಕರಿ ರೊಟ್ಟಿ ದೊಡ್ಡದು, 12 ಪೌಂಡಿನದು ಅಥವಾ 6 ಪೌಂಡಿನದು. ಅದರ ತೂಕ ಕಾಯಂ, ಬೆಲೆ ಬದಲಾಗುತ್ತಿತ್ತು. ಗೋಧಿಯ ಬಿಳಿ ರೊಟ್ಟಿ ಸಣ್ಣದು. ಅದರ ಬೆಲೆ ಕಾಯಂ, ತೂಕ ಬದಲಾಗುತ್ತಿತ್ತು. ಒಂದು ಸ್ಟಾಯ್ವರ್‌ನ ಬನ್ನಿನ ಬೆಲೆಯನ್ನು ನೂರಕ್ಕೆ ಐದರಷ್ಟು ಏರಿಸಬೇಕೆಂದರೆ ಏರಿಸುವುದು ಹೇಗೆ? ಒಂದು ಡಾಯ್ಟ್ ಏರಿಸಿದರೇ ನೂರಕ್ಕೆ ಹನ್ನೆರಡೂವರೆ ಆಯಿತು. ಹಾಗಾಗಿ ಬೆಲೆ ಮುಟ್ಟದೆ ಹಿಟ್ಟನ್ನೇ ಚಿವುಟುತ್ತಿದ್ದರು. ಅದಕ್ಕೂ ಕೋಷ್ಟಕವಿತ್ತು, ತೂಕ ನೋಡಲು ಅಧಿಕಾರಿಗಳಿದ್ದರು, ಕಡಿಮೆ ತೂಗಿದರೆ ದಂಡವಿತ್ತು. ಬಿಸ್ಕತ್ತಿನ ಪೊಟ್ಟಣ ಸದ್ದಿಲ್ಲದೆ ಸಣ್ಣದಾಗುವುದನ್ನು ಇಂದು ಕಂಪನಿಗಳ ಚಾಲಾಕಿತನ ಎನ್ನುತ್ತೇವೆ. ಅಲ್ಲಿ ಅದು ನಗರಸಭೆಯ ಜಾಹೀರು ನಿಯಮವಾಗಿತ್ತು.

ರೆಂಬ್ರಾಂಟ್ 1648ರಲ್ಲಿ ಮಾಡಿದ ಎಚ್ಚಿಂಗ್ ಒಂದಿದೆ. ಮನೆಯ ಬಾಗಿಲಲ್ಲಿ ಭಿಕ್ಷುಕರ ಸಂಸಾರ. ಬೆನ್ನಿಗೆ ಕೂಸು ಕಟ್ಟಿಕೊಂಡ ಹೆಂಗಸು ಕೈ ಚಾಚಿದ್ದಾಳೆ, ಅರ್ಧ ಬಾಗಿಲಿನ ಮೇಲಿಂದ ಬಾಗಿದ ಮುದುಕ ಅವಳ ಅಂಗೈಗೆ ನಾಣ್ಯ ಇಡುತ್ತಿದ್ದಾನೆ. ಯಾವ ನಾಣ್ಯ ಎಂದು ಚಿತ್ರ ಹೇಳುವುದಿಲ್ಲ. ಆದರೆ ಆ ಮುದುಕ ಅಲ್ಲಿ ಬೆಳ್ಳಿ ಇಟ್ಟಿರಲಾರ ಎಂದು ಆ ಕಾಲದ ಯಾರನ್ನು ಕೇಳಿದರೂ ಹೇಳುತ್ತಿದ್ದರು.

ಒಂದು ಪೌಂಡು ತಾಮ್ರದಲ್ಲಿ ಎಷ್ಟು ದುಡ್ಡು

ಇಷ್ಟು ಬೇಕಾದ ವಸ್ತುವನ್ನು ಟಂಕಸಾಲೆಗಳು ಸರಿಯಾಗಿ ಮಾಡಿಕೊಡಬೇಕಿತ್ತಲ್ಲ? ಇಲ್ಲಿಯೇ ಗಂಟು ಇರುವುದು. ನಾಣ್ಯಕ್ಕೆ ಅಚ್ಚು ಒತ್ತುವ ಶ್ರಮ ಲೋಹ ನೋಡಿ ಕಡಿಮೆಯಾಗುವುದಿಲ್ಲ. ಚಿನ್ನದ ಡ್ಯುಕಾಟ್ ತೂಗುತ್ತಿದ್ದದ್ದು ಸುಮಾರು ಮೂರೂವರೆ ಗ್ರಾಂ, ಬೆಲೆ 5 ಗಿಲ್ಡರ್‌ಗೂ ಮೇಲೆ, ಅಂದರೆ 800ಕ್ಕೂ ಹೆಚ್ಚು ಡಾಯ್ಟ್. ಒಂದು ಡ್ಯುಕಾಟಿಗೆ ಒಂದು ಏಟು; ಅಷ್ಟೇ ಬೆಲೆಯ ತಾಮ್ರಕ್ಕೆ 800 ಏಟು, 800 ಬಿಲ್ಲೆ ಕತ್ತರಿಸುವ ಕೆಲಸ, ಹೊರುವ ಸಾಗಿಸುವ ಕೂಲಿ ಬೇರೆ. ಪ್ರಾಮಾಣಿಕವಾಗಿ ಪೂರ್ತಿ ತೂಕದ ಡಾಯ್ಟ್ ಮಾಡಿದರೆ ಟಂಕಸಾಲೆಯ ಯಜಮಾನನಿಗೆ ಗಿಟ್ಟುತ್ತಿದ್ದದ್ದು ಅಷ್ಟಕ್ಕಷ್ಟೆ. ತೂಕ ತಗ್ಗಿಸಿದರೆ ಮಾತ್ರ ಬಂಗಾರದ ಗಣಿ.

ತಾಮ್ರಕ್ಕೇನೂ ಬರವಿರಲಿಲ್ಲ. ಸ್ವೀಡನ್ನಿನ ಫಾಲುನ್ ಗಣಿಯ ತಾಮ್ರಕ್ಕೆ ಆಮ್ಸ್ಟರ್‌ಡ್ಯಾಮೇ ದೊಡ್ಡ ಪೇಟೆ. (ಆ ಸ್ವೀಡನ್ನಿನವರು ತಮ್ಮಲ್ಲಿ ತುಂಬಿ ತುಳುಕುವ ತಾಮ್ರಕ್ಕೆ ಬೆಲೆ ಹಿಡಿದು ನಿಲ್ಲಿಸಲು 1644ರಲ್ಲಿ 19 ಕಿಲೋಗೂ ಹೆಚ್ಚು ತೂಗುವ ತಾಮ್ರದ ಹಲಗೆಯನ್ನೇ ನಾಣ್ಯವೆಂದು ಹೊರಡಿಸಿದರು. ಜೇಬಿಗೆ ಹಾಕುವ ದುಡ್ಡಲ್ಲ, ಗಾಡಿಗೆ ಹೇರುವ ದುಡ್ಡು.)

17ನೇ ಶತಮಾನದ ಬಹಳಷ್ಟು ಡಾಯ್ಟ್‌ಗಳು ಸುಮಾರು 2 ಗ್ರಾಂ ತೂಗುತ್ತವೆ. ಆಮ್ಸ್ಟರ್‌ಡ್ಯಾಮಿನ ಪೌಂಡು 494 ಗ್ರಾಂ. ಅಂದರೆ ಒಂದು ಪೌಂಡು ತಾಮ್ರದಿಂದ ಸುಮಾರು 247 ಡಾಯ್ಟ್, ಅರ್ಥಾತ್ 31 ಸ್ಟಾಯ್ವರ್‌ಗೆ ಹತ್ತಿರ. ಈ 31 ಎಂಬ ಸಂಖ್ಯೆಯನ್ನು ಸ್ವಲ್ಪ ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾಣ್ಯ ಟಂಕಿಸುವವರು ಒಬ್ಬರೇ ಇದ್ದಿದ್ದರೆ ಹೇಗೋ ಹಿಡಿತ ಸಾಧ್ಯವಿತ್ತು. ಗಣರಾಜ್ಯದಲ್ಲಿ ಹಾಲೆಂಡ್, ವೆಸ್ಟ್‌ಫ್ರೀಸ್‌ಲ್ಯಾಂಡ್, ಝೀಲ್ಯಾಂಡ್, ಉಟ್ರೆಕ್ಟ್, ಗೆಲ್ಡರ್‌ಲ್ಯಾಂಡ್, ಫ್ರೀಸ್‌ಲ್ಯಾಂಡ್, ಓವರ್‌ಐಸೆಲ್ ಎಲ್ಲಕ್ಕೂ ತಮ್ಮತಮ್ಮ ಟಂಕಸಾಲೆ. ಅದು ಸಾಲದೆಂಬಂತೆ ಡೆವೆಂಟರ್, ಕಾಂಪೆನ್, ಝ್ವೊಲ್ಲೆ, ನೈಮೇಖನ್‌ನಂಥ ನಗರಗಳಿಗೂ ಹಳೆಯ ಹಕ್ಕು. ಒಬ್ಬೊಬ್ಬರ ಡಾಯ್ಟ್ ಒಂದೊಂದು ಬಗೆ. ಝೀಲ್ಯಾಂಡಿನದರ ಮೇಲೆ ನೀರಿನಿಂದ ಮೇಲೇಳುವ ಸಿಂಹ, ‘ಹೋರಾಡುತ್ತೇನೆ, ಎದ್ದು ಬರುತ್ತೇನೆ’ ಎಂಬ ಲ್ಯಾಟಿನ್ ಘೋಷ. ಬಹುತೇಕ ಎಲ್ಲದರ ಒಂದು ಮುಖದಲ್ಲಿ ಪ್ರಾಂತ್ಯದ ಹೆಸರನ್ನು ಎರಡು ಮೂರು ಸಾಲಾಗಿ ಒಡೆದು ಹಾಕುತ್ತಿದ್ದರು. ಅಕ್ಷರ ಬಾರದವನ ಕಣ್ಣಿಗೆ ಅದೊಂದು ಆಕಾರ, ಅಷ್ಟೆ.

ಆ ಆಕಾರವನ್ನೇ ನಂಬಿ ಬದುಕಿದವರು ಗಡಿಯ ಪುಟ್ಟ ಪಾಳೆಯಗಾರರು. ಮಾಸ್ ನದಿಯ ದಂಡೆಯ ರೆಕ್‌ಹೈಮ್, ಸ್ಟೇವೆನ್ಸ್‌ವೇರ್ಟ್, ಗ್ರೋನ್ಸ್‌ವೆಲ್ಡ್, ಬಾಟೆನ್‌ಬುರ್ಗ್‌ನಂಥ ಚಿಕ್ಕ ಚಿಕ್ಕ ಒಡೆತನಗಳು. ಕಾಗದದ ಮೇಲೆ ಅವರಿಗೂ ನಾಣ್ಯ ಹೊಡೆಯುವ ಹಕ್ಕಿತ್ತು. ಪ್ರಾಂತ್ಯಗಳ ಡಾಯ್ಟ್‌ನಂತೆಯೇ ಕಾಣುವ, ಆದರೆ ಹತ್ತಿರದಿಂದ ಓದಿದರೆ ಬೇರೆಯೇ ಹೆಸರಿರುವ ಹಗುರ ಬಿಲ್ಲೆಗಳನ್ನು ಹೊಡೆದು ಗಣರಾಜ್ಯಕ್ಕೆ ನುಗ್ಗಿಸುತ್ತಿದ್ದರು. ಇವನ್ನು ಪೂರ್ತಿ ಖೋಟಾ ಎನ್ನಲೂ ಬಾರದು. ಕಾನೂನಿನ ಅಂಚಿನಲ್ಲಿ ಕಾಲಿಟ್ಟುಕೊಂಡು ಮಾಡಿದ ಕೆಲಸ. ದಕ್ಷಿಣದ ಸ್ಪ್ಯಾನಿಷ್ ನೆದರ್‌ಲ್ಯಾಂಡ್ಸಿನ ಓರ್ಟ್‌ಗಳೂ ಜೊತೆಗೆ ಬಂದು ಸೇರುತ್ತಿದ್ದವು.

ನಷ್ಟ ಯಾರ ಪಾಲಿಗೆ

ಆಮ್ಸ್ಟರ್‌ಡ್ಯಾಮಿನ ದೊಡ್ಡ ವರ್ತಕನಿಗೆ ಇದರ ಬಿಸಿ ತಟ್ಟುತ್ತಿರಲಿಲ್ಲ. ನಾಣ್ಯಗಳ ಗೊಂದಲದಿಂದ ಪಾರಾಗಲೆಂದೇ 1609ರಲ್ಲಿ ನಗರ ತನ್ನ ವಿನಿಮಯ ಬ್ಯಾಂಕ್ ತೆರೆದಿತ್ತು. 600 ಗಿಲ್ಡರ್ ಮೇಲ್ಪಟ್ಟ ಹುಂಡಿಗಳೆಲ್ಲ ಆ ಬ್ಯಾಂಕಿನ ಪುಸ್ತಕದಲ್ಲೇ ಇತ್ಯರ್ಥವಾಗಬೇಕು. ಒಂದು ಖಾತೆಯಿಂದ ಇನ್ನೊಂದಕ್ಕೆ ಬರೆದರೆ ಮುಗಿಯಿತು. ಆ ಬ್ಯಾಂಕ್ ದುಡ್ಡಿಗೆ ಪೇಟೆಯಲ್ಲಿ ಚಲಾವಣೆ ನಾಣ್ಯಕ್ಕಿಂತ ಹೆಚ್ಚಿನ ಬೆಲೆ. ಯುರೋಪಿನ ಆರ್ಥಿಕ ಇತಿಹಾಸ ಬರೆಯುವವರು ಈ ಬ್ಯಾಂಕನ್ನು ಹೊಗಳಿ ದಣಿಯುವುದಿಲ್ಲ, ಹೊಗಳಿಕೆಗೆ ಅದು ತಕ್ಕದ್ದೂ ಹೌದು. ಆದರೆ ಅದು ಬೇಲಿ ಹಾಕಿದ್ದು ಮೇಲಿನ ಅಂತಸ್ತಿಗೆ ಮಾತ್ರ. 600 ಗಿಲ್ಡರ್ ಎಂದರೆ 96,000 ಡಾಯ್ಟ್. ಮೀನು ಮಾರುವವಳ ಬುಟ್ಟಿಗೂ ಆ ಪುಸ್ತಕಕ್ಕೂ ಸಂಬಂಧವೇ ಇಲ್ಲ.

ಹಗುರ ತಾಮ್ರ ಹೆಚ್ಚಾದಾಗ ಆಗುವುದು ಇಷ್ಟು. ಅಂಗಡಿಯವನು ಗಿರಾಕಿಯಿಂದ ಡಾಯ್ಟ್ ತೆಗೆದುಕೊಳ್ಳಲೇಬೇಕು, ಇಲ್ಲವಾದರೆ ವ್ಯಾಪಾರ ಪಕ್ಕದಂಗಡಿಗೆ. ಅವನಿಗೆ ಹಿಟ್ಟು, ಬೆಣ್ಣೆ ಕೊಡುವ ಸಗಟು ವ್ಯಾಪಾರಿ ಮಾತ್ರ ಚೀಲಗಟ್ಟಲೆ ತಾಮ್ರ ಬೇಡ, ಬೆಳ್ಳಿ ತಾ ಎನ್ನುತ್ತಾನೆ. ತಾಮ್ರವನ್ನು ಬೆಳ್ಳಿಗೆ ಬದಲಿಸಲು ಚಿನಿವಾರನ ಬಳಿ ಹೋದರೆ ಅವನು ವಟ್ಟ ಹಿಡಿಯುತ್ತಾನೆ. ಆ ವಟ್ಟವನ್ನು ಅಂಗಡಿಯವನು ಸಾಮಾನಿನ ದರದಲ್ಲೋ ತೂಕದಲ್ಲೋ ಗಿರಾಕಿಯ ಮೇಲೆ ದಾಟಿಸುತ್ತಾನೆ. ಎಂದಾದರೊಂದು ದಿನ ಆಡಳಿತ ಎಚ್ಚೆತ್ತು ಇಂತಿಂಥ ಡಾಯ್ಟ್ ನಡೆಯುವುದಿಲ್ಲ ಎಂದು ಡಂಗುರ ಸಾರಿದರೆ, ಆ ಸಂಜೆ ಯಾರ ಗಲ್ಲಾ ಪೆಟ್ಟಿಗೆಯಲ್ಲಿ, ಯಾರ ಸೆರಗಿನ ಗಂಟಿನಲ್ಲಿ ಅದು ಉಳಿದಿದೆಯೋ ಅವರಿಗೆ ಪೆಟ್ಟು. ಬೆಳ್ಳಿ ಕೂಡಿಡುವವನ ಹತ್ತಿರ ಅದು ಉಳಿದಿರುವುದೇ ಇಲ್ಲ.

ಬೇಡದ ತಾಮ್ರಕ್ಕೆ ಇನ್ನೊಂದು ಸುಲಭದ ದಾರಿ ಚರ್ಚಿನಲ್ಲಿತ್ತು. ಉದ್ದ ಕೋಲಿನ ತುದಿಗೆ ಕಟ್ಟಿದ ಮಖಮಲ್ ಚೀಲ ಸಾಲಿನಿಂದ ಸಾಲಿಗೆ ಬರುತ್ತದೆ. ಕೈ ಒಳಗೆ ಹೋಗಿ ಹೊರಗೆ ಬಂದರೆ ಹಾಕಿದ್ದೇನೆಂದು ಯಾರಿಗೂ ಕಾಣದು. ಅಂಗಡಿಯಲ್ಲಿ ನಡೆಯದ್ದು ದೇವರಿಗೆ ನಡೆಯುತ್ತದೆ. ಆ ಚೀಲದ ಹಣವೇ ಬಡವರ ಪಾಲಿನದು. ಊರಿನ ಉಳ್ಳವರು ನುಂಗಲೊಲ್ಲದ ನಷ್ಟ ಧರ್ಮದ ಹೆಸರಿನಲ್ಲಿ ತಿರುಗಿ ಬಡವರ ಬಾಗಿಲಿಗೇ ಹೋಗುತ್ತಿತ್ತು.

ಕೊನೆಗೆ ಸುಧಾರಣೆ ಎರಡು ಹೆಜ್ಜೆಯಲ್ಲಿ ಬಂತು. 17ನೇ ಶತಮಾನದ ಕೊನೆಯಲ್ಲಿ ನಗರಗಳ ಟಂಕಸಾಲೆಗಳ ಬಾಯಿ ಮುಚ್ಚಿಸಲಾಯಿತು, ಹಣ ಕೊಟ್ಟು. 1702ರಿಂದ ಹಾಲೆಂಡ್ ಹೊಸ ಮಾದರಿಯ ಡಾಯ್ಟ್ ತಂದಿತು. ತೂಕ ಸುಮಾರು 3.8 ಗ್ರಾಂ, ಹಳೆಯದರ ದುಪ್ಪಟ್ಟಿಗೆ ಹತ್ತಿರ. ಈಗ ಅದೇ ಒಂದು ಪೌಂಡು ತಾಮ್ರದಿಂದ ಬರುವುದು ಸುಮಾರು 128 ಡಾಯ್ಟ್, ಅಂದರೆ 16 ಸ್ಟಾಯ್ವರ್. ಹಿಂದೆ 31 ಇದ್ದದ್ದು. ಹಗುರ ನಾಣ್ಯದ ಲಾಭವನ್ನೇ ಹಿಂಡಿ ತೆಗೆದರೆ ಖೋಟಾದವನಿಗೆ ಆಸೆ ಹುಟ್ಟುವುದಿಲ್ಲ ಎಂಬ ಲೆಕ್ಕ. ಒಳ್ಳೆಯ ಲೆಕ್ಕವೇ. ಸಮಸ್ಯೆ ಹುಟ್ಟಿದ್ದು ಅದನ್ನು ಹಾಕಿದವರ ಕಣ್ಣಳತೆಯಾಚೆ, ಸಮುದ್ರದ ಆ ಕಡೆ.

ಹಡಗಿನ ಪೆಟ್ಟಿಗೆ

ಬಟೇವಿಯಾದಲ್ಲಿ ಚಿಲ್ಲರೆಯ ಬರ ಊರಿನಷ್ಟೇ ಹಳೆಯದು. ಸಂತೆಯಲ್ಲಿ ಓಡುತ್ತಿದ್ದದ್ದು ಚೀನೀ ವರ್ತಕರು ತಂದ ಸೀಸದ ಬಿಲ್ಲೆಗಳು, ನಡುವಿನ ತೂತಿಗೆ ದಾರ ಪೋಣಿಸಿ ಸರಗಟ್ಟಿದವು. 1644ರಲ್ಲಿ ಬಟೇವಿಯಾದ ಅಧಿಕಾರಿಗಳು ಅರ್ಧ ಮತ್ತು ಕಾಲು ಸ್ಟಾಯ್ವರ್‌ನ ತಾಮ್ರದ ನಾಣ್ಯಗಳನ್ನು ತಾವೇ ಹೊಡೆಸಿದರು. ಹಾಲೆಂಡಿನಲ್ಲಿ ಕೂತಿದ್ದ ಕಂಪನಿಯ ಹದಿನೇಳು ನಿರ್ದೇಶಕರಿಗೆ ಇದು ರುಚಿಸಲಿಲ್ಲ, ಪ್ರಯೋಗ ಅಲ್ಲಿಗೇ ನಿಂತಿತು. ನನಗೆ ಇದರಲ್ಲಿ ತಮಾಷೆ ಕಾಣುವುದು ಬೇರೊಂದು ಕಾರಣಕ್ಕೆ. ಅದೇ ಕಂಪನಿ ನಾಗಸಾಕಿಯಿಂದ ಜಪಾನಿನ ತಾಮ್ರದ ಗಟ್ಟಿಗಳನ್ನು ಹೇರಿಕೊಂಡು ಏಷ್ಯಾದ ಉದ್ದಗಲಕ್ಕೂ ಮಾರುತ್ತಿತ್ತು. ಕೋರಮಂಡಲ ಕರಾವಳಿಗೂ ಅದು ಬರುತ್ತಿತ್ತು. ಪುಲಿಕಾಟ್, ನಾಗಪಟ್ಟಣಗಳಲ್ಲಿ ಕಂಪನಿಯೇ ತನ್ನ ಗುರುತು ಹಾಕಿ ತಾಮ್ರದ ಕಾಸು ಹೊಡೆಯುತ್ತಿತ್ತು. ಜಾವಾಕ್ಕೆ ಮಾತ್ರ ಪುಡಿಗಾಸು ಆರೆಂಟು ತಿಂಗಳ ಹಾದಿ ಹಾಯ್ದು ಆಫ್ರಿಕಾದ ತುದಿ ಸುತ್ತಿಕೊಂಡು ಯುರೋಪಿನಿಂದ ಬರಬೇಕು!

ಬರ ಇದ್ದಲ್ಲಿ ಬೆಲೆ ಏರುತ್ತದೆ. ಡಾಯ್ಟ್ ಅಲ್ಲಿ ಕಾಲು ಸ್ಟಾಯ್ವರ್ ಎಂದು ನಡೆಯತೊಡಗಿತು. ಈಗ ಪೌಂಡಿನ ಲೆಕ್ಕ ಮತ್ತೆ ಹಾಕಿ: ಒಂದು ಪೌಂಡು ತಾಮ್ರ, 128 ಡಾಯ್ಟ್, ನಾಲ್ಕಕ್ಕೆ ಒಂದರಂತೆ 32 ಸ್ಟಾಯ್ವರ್. 1702ರ ಸುಧಾರಣೆ ತೂಕ ಏರಿಸಿ ಅಳಿಸಿಹಾಕಿದ್ದ ಅದೇ ಲಾಭ, ಅದೇ 31ರ ಆಸುಪಾಸಿನ ಸಂಖ್ಯೆ, ಹಡಗು ಹತ್ತಿ ಜಾವಾದಲ್ಲಿ ಇಳಿದಿದೆ. ಈ ಸಲ ಅದನ್ನು ಪಡೆಯಲು ಪಾಳೆಯಗಾರನಾಗಬೇಕಿಲ್ಲ, ಅಚ್ಚು ಕೊರೆಯಬೇಕಿಲ್ಲ. ಹಾಲೆಂಡಿನ ಅಂಗಡಿಯಿಂದ ನ್ಯಾಯವಾಗಿ ತಂದ ಡಾಯ್ಟ್ ಚೀಲ ಒಂದಿದ್ದರೆ ಸಾಕು.

ಆ ಚೀಲ ಯಾರ ಬಳಿ ಇತ್ತು? ಕಂಪನಿಯ ಹಡಗಿನ ನಾವಿಕನಿಗೆ ತಿಂಗಳ ಸಂಬಳ 9ರಿಂದ 11 ಗಿಲ್ಡರ್. ಸ್ವಂತ ಸಾಮಾನಿಗೆ ಪೆಟ್ಟಿಗೆಯೊಂದನ್ನು ಒಯ್ಯಲು ಅವನಿಗೆ ಅನುಮತಿ ಇತ್ತು. 10 ಗಿಲ್ಡರ್‌ಗೆ ಡಾಯ್ಟ್ ಮುರಿಸಿದರೆ 1,600 ಬಿಲ್ಲೆ, ಆರು ಕಿಲೋಗಿಂತ ಸ್ವಲ್ಪ ಹೆಚ್ಚು. ಪೆಟ್ಟಿಗೆಯ ತಳದಲ್ಲಿ ಅಂಗಿಗಳ ಕೆಳಗೆ ಕೂರುತ್ತದೆ. ಬಟೇವಿಯಾದಲ್ಲಿ ಅದು 400 ಸ್ಟಾಯ್ವರ್, ಅಂದರೆ 20 ಗಿಲ್ಡರ್. ಪೂರ್ತಿ ದುಪ್ಪಟ್ಟು ಎನ್ನುವಂತಿಲ್ಲ, ಏಕೆಂದರೆ ಅಲ್ಲಿಯ ಸ್ಟಾಯ್ವರ್ ಹಾಲೆಂಡಿನದಕ್ಕಿಂತ ಹಗುರ ಲೆಕ್ಕದ್ದು. ವಾಪಸು ತರುವಾಗ ಒಂದಿಷ್ಟು ಕರಗುತ್ತಿತ್ತು. ಬಂದರಿನ ಹೆಂಡದಂಗಡಿಯಲ್ಲಿ, ಚೀನೀ ಅಂಗಡಿಯಲ್ಲಿ ಖರ್ಚು ಮಾಡುವವನಿಗೆ ಆ ಚಿಂತೆಯೂ ಇಲ್ಲ.

ಇದು ತಾಮ್ರಕ್ಕಷ್ಟೇ ಸೀಮಿತವಾಗಿರಲಿಲ್ಲ. ಬೆಳ್ಳಿಯ ಡ್ಯುಕಟೂನ್‌ಗೂ ಪೂರ್ವದಲ್ಲಿ ಹೆಚ್ಚಿನ ದರವಿತ್ತು. 1740ರ ಜನವರಿಯಲ್ಲಿ ಇಂಗ್ಲೆಂಡಿನ ಗುಡ್‌ವಿನ್ ಮರಳದಿಬ್ಬದಲ್ಲಿ ಮುಳುಗಿದ ಕಂಪನಿಯ ‘ರೋಸ್‌ವೈಕ್’ ಹಡಗಿನ ಅವಶೇಷದಲ್ಲಿ ತೂತು ಕೊರೆದ ನಾಣ್ಯಗಳು ಸಿಕ್ಕಿವೆ, ಬಟ್ಟೆಯೊಳಗೆ ಹೊಲಿದು ಬಚ್ಚಿಡಲು ಕೊರೆದವು. ಕಂಪನಿಯ ಪೆಟ್ಟಿಗೆಗಳ ಅಧಿಕೃತ ಬೆಳ್ಳಿಯ ಪಕ್ಕದಲ್ಲೇ ಜನರ ಅಂಗಿಯ ಒಳಪದರದ ಬೆಳ್ಳಿಯೂ ಮುಳುಗಿತ್ತು.

ಕಂಪನಿಯ ಮುಂದಿದ್ದ ದಾರಿಗಳು ಮೂರು. ಜಾವಾದಲ್ಲೂ ದರವನ್ನು ಎಂಟಕ್ಕೆ ಇಳಿಸಬಹುದಿತ್ತು. ಹಾಗೆ ಮಾಡಿದರೆ ಅಷ್ಟು ದೂರ ತಾಮ್ರ ಸಾಗಿಸುವ ಖರ್ಚು ಹುಟ್ಟದು, ಮೇಲಾಗಿ ಆಗಲೇ ಡಾಯ್ಟ್ ಹಿಡಿದಿದ್ದವರ ದುಡ್ಡು ಅರ್ಧವಾಗಿ ಸಂತೆಯಲ್ಲಿ ಗದ್ದಲ ಏಳುತ್ತದೆ. ಪೆಟ್ಟಿಗೆ ತಪಾಸಣೆ ಬಿಗಿ ಮಾಡಬಹುದಿತ್ತು. ತಪಾಸಣೆ ಮಾಡುವ ಅಧಿಕಾರಿಯ ಪೆಟ್ಟಿಗೆಯಲ್ಲೂ ಅದೇ ಇರುವಾಗ ಅದು ಬರೀ ನಾಟಕ. ಉಳಿದದ್ದು ಮೂರನೆಯದು, ಮುಖ ಬದಲಿಸುವುದು. ಕಂಪನಿಯ ಗುರುತಿದ್ದ ಡಾಯ್ಟ್ ಪೂರ್ವಕ್ಕೆ, ಪ್ರಾಂತ್ಯದ ಹೆಸರಿದ್ದದ್ದು ಊರಿಗೆ. ಹಾಲೆಂಡಿನ ಜೊತೆ ಝೀಲ್ಯಾಂಡ್, ವೆಸ್ಟ್‌ಫ್ರೀಸ್‌ಲ್ಯಾಂಡ್, ಉಟ್ರೆಕ್ಟ್, ಗೆಲ್ಡರ್‌ಲ್ಯಾಂಡ್ ಟಂಕಸಾಲೆಗಳೂ ಕಂಪನಿಗಾಗಿ ದುಡಿಯತೊಡಗಿದವು. ಹಿಂಬದಿಯಲ್ಲಿ ಆಯಾ ಪ್ರಾಂತ್ಯದ ಗುರಾಣಿ, ಮುಂದೆ ಒಂದೇ ಗುರುತು. 1728ರಲ್ಲಿ ಡ್ಯುಕಟೂನ್‌ಗೂ ಇದೇ ಮದ್ದು ಹಾಕಿದರು.

ಜಾಣ ಉಪಾಯ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಇದನ್ನು ಕಳ್ಳಸಾಗಣೆ ತಡೆದ ಕ್ರಮ ಎಂದು ಮಾತ್ರ ಓದಿದರೆ ಅರ್ಧ ಕತೆ ಕೈಬಿಡುತ್ತದೆ. ಎಂಟು ಮತ್ತು ನಾಲ್ಕರ ಅಂತರ ಹಾಗೇ ಉಳಿಯಿತು. 16 ಸ್ಟಾಯ್ವರ್‌ನ ತಾಮ್ರ 32 ಆಗುವ ಮಾಯೆಯೂ ಉಳಿಯಿತು. ಬದಲಾದದ್ದು ಆ 16 ಸ್ಟಾಯ್ವರ್ ಸೇರುವ ಜೇಬು ಮಾತ್ರ: ನಾವಿಕನದಿದ್ದದ್ದು ಕಂಪನಿಯದಾಯಿತು. ಜಾವಾದ ಸಂತೆಯಲ್ಲಿ ತರಕಾರಿ ಮಾರುವವಳಿಗೆ ಡಾಯ್ಟ್ ಮೊದಲೂ ಕಾಲು ಸ್ಟಾಯ್ವರ್, ಆಮೇಲೂ ಕಾಲು ಸ್ಟಾಯ್ವರ್. ನಾಣ್ಯದ ಬೆಲೆಗೂ ಅದರ ತಾಮ್ರದ ಬೆಲೆಗೂ ನಡುವಿನ ಅಂತರವನ್ನು ಕೊನೆಗೆ ಹೊತ್ತವಳು ಅವಳೇ.

ಲಾಭವಿದ್ದ ಮೇಲೆ ಉತ್ಪಾದನೆಗೆ ಮಿತಿ ಯಾಕೆ? 18ನೇ ಶತಮಾನದ ಉದ್ದಕ್ಕೂ ಈ ಡಾಯ್ಟ್‌ಗಳು ಹಡಗುಗಟ್ಟಲೆ ಹೋದವು. ಜಾವಾ, ಸಿಲೋನ್ ಮಾತ್ರವಲ್ಲ, ಮಲಬಾರ್ ಕರಾವಳಿಯಲ್ಲೂ ನಡೆದವು. ಕೇರಳದ ಹಳೆ ನಾಣ್ಯ ಮಾರುವವರ ತಟ್ಟೆಯಲ್ಲಿ ಕಿಲುಬು ಹತ್ತಿದ ‘ವಿಒಸಿ’ ಬಿಲ್ಲೆಗಳು ಇವತ್ತಿಗೂ ಅಗ್ಗಕ್ಕೆ ಸಿಗುತ್ತವೆ. ಅಪರೂಪವಲ್ಲ ಎಂಬುದೇ ಎಷ್ಟು ಹೊಡೆದಿದ್ದರು ಎಂಬುದಕ್ಕೆ ಗುರುತು. ಕಂಪನಿ 1799ರ ಕೊನೆಗೆ ಸಾಲದಲ್ಲಿ ಮುಳುಗಿ ಕಣ್ಮುಚ್ಚಿತು. ಅದರ ಗುರುತಿಗೆ ಸಾವು ಬರಲಿಲ್ಲ. ಜಾವಾದ ಜನ ಆ ಮುಖವನ್ನು ಎಷ್ಟು ನಂಬಿದ್ದರೆಂದರೆ, 1840ರ ಆಸುಪಾಸಿನಲ್ಲೂ ಡಚ್ ಸರ್ಕಾರ 1790 ಎಂಬ ಹಳೆ ಇಸವಿ ಹಾಕಿ ಕಂಪನಿಯ ಡಾಯ್ಟನ್ನು ಹೊಸದಾಗಿ ಹೊಡೆಸಿತು.

ತಾಯ್ನಾಡಿನಲ್ಲಿ ಡಾಯ್ಟ್‌ನ ಕತೆ ಅದಕ್ಕಿಂತ ಮುಂಚೆ ಮುಗಿದಿತ್ತು. 1816ರ ಕಾನೂನು ಗಿಲ್ಡರನ್ನು ನೂರು ಸೆಂಟ್ ಮಾಡಿತು. ಸ್ಟಾಯ್ವರ್‌ಗೆ ಸರಿಯಾಗಿ ಐದು ಸೆಂಟ್ ಬಂತು, ಡುಬ್ಬೆಲ್ಚೆಗೆ ಹತ್ತು. ಹಾಗಾಗಿ ಆ ಎರಡು ಹೆಸರುಗಳು ಯೂರೋ ಬರುವವರೆಗೂ ಜನರ ಬಾಯಲ್ಲಿ ಉಳಿದವು. ಡಾಯ್ಟ್ ಸೆಂಟಿನ ಎಂಟರಲ್ಲಿ ಐದು ಪಾಲು. ಹೊಸ ಪದ್ಧತಿಯ ಯಾವ ನಾಣ್ಯದ ಜೊತೆಗೂ ಅದು ಹೊಂದಲಿಲ್ಲ.